ದೊರೆಗೆ ಸಪ್ಪೆ ಬಿಸ್ಕತ್ತು

ಗುರುವಾರ, ೧೮ನೇ ತಾರೀಖು
ಮಧ್ಯಾಹ್ನ, ಅಡುಗೆಮನೆಯಿಂದ

ಮಗಳೇ,

ನಾನು ಚೆನ್ನಾಗಿದ್ದೀನಿ, ನನ್ನ ಮಂಡಿ ಚೆನ್ನಾಗಿಲ್ಲ, ದೊರೆಯ ಹೊಟ್ಟೆ ಚೆನ್ನಾಗಿದೆ. ನೀನು ಕೇಳೋದು ಕೊನೇದನ್ನೇ ಅಂತ ಗೊತ್ತು, ಅದಕ್ಕೇ ಮೊದಲ ಸಾಲಿನಲ್ಲೇ ನಿನ್ನ ನಾಯಿಯ ಕ್ಷೇಮ ಬರೆದುಬಿಟ್ಟೆ. ಆಸ್ಪತ್ರೆಯಲ್ಲಿ ನಿನ್ನ ಜೊತೆಯ ನರ್ಸಮ್ಮನ ನಾಯಿಗೂ ಇದೇ ಹೊಟ್ಟೆ ತೊಂದರೆ, ಬಿಸ್ಕತ್ತು ಮಾಡೋದು ಹೇಗೆ ಅಂತ ಬರೆದು ಕಳಿಸಿ ಅತ್ತೆ ಅಂತ ನೀನು ಹೇಳಿ ನಾಲ್ಕು ಭಾನುವಾರ ಆಯ್ತು. ತಡವಾಯ್ತು, ಬೈಕೋಬೇಡ. ಮೂರು ಸಲ ಬರೆಯೋಕೆ ಕೂತೆ, ಮೂರು ಸಲವೂ ಒಂದೇ ಕಡೆ ಪೆನ್ನು ನಿಂತುಹೋಯ್ತು.

ಇರಲಿ, ಮೊದಲು ಬಿಸ್ಕತ್ತು. ಸಿಹಿಗುಂಬಳದ ಸಿಪ್ಪೆ, ಬೀಜ ತೆಗೆದು, ಬೇಯಿಸಿ, ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಬೇಕು. ಓಟ್ಸನ್ನ ಮಿಕ್ಸಿಗೆ ಹಾಕಿ ಹಿಟ್ಟು ಮಾಡಿಕೊಳ್ಳಬೇಕು. ಒಂದು ಬಟ್ಟಲು ಕುಂಬಳಕ್ಕೆ ಎರಡು ಬಟ್ಟಲು ಹಿಟ್ಟು, ಒಂದು ಮೊಟ್ಟೆಯ ಬಿಳಿ ಭಾಗ. ಹಳದಿ ಬೇಡ. ಗಟ್ಟಿಯಾಗಿ ಕಲಸಿ, ಅರ್ಧ ಬೆರಳು ದಪ್ಪ ಲಟ್ಟಿಸಬೇಕು. ನಾನು ಕೆಮ್ಮಿನ ಔಷಧಿ ಬಾಟಲಿಯ ಮುಚ್ಚಳ ಒತ್ತಿ ಕತ್ತರಿಸ್ತೀನಿ, ಪುಟ್ಟ ಪುಟ್ಟ ಗುಂಡಿಗಳ ಹಾಗೆ ಬರುತ್ತೆ. ಓವನ್ನಿನ ಕಾವು ಕಡಿಮೆ ಇಟ್ಟು ನಲವತ್ತು ನಿಮಿಷ, ಆಮೇಲೆ ಆರಿಸಿ ಅದರೊಳಗೇ ತಣ್ಣಗಾಗೋಕೆ ಬಿಡಬೇಕು. ಉಪ್ಪು ಬೇಡ, ಸಕ್ಕರೆ ಬೇಡ. ಹೊಸದೇನಾದರೂ ಸೇರಿಸೋದಾದರೆ ಒಂದೇ ಒಂದು ಸೇರಿಸಿ, ಮೂರು ದಿನ ಹೊಟ್ಟೆ ಹೇಗಿದೆ ಅಂತ ಕಾದು ನೋಡಬೇಕು. ಇದು ನಾಯಿ ಡಾಕ್ಟರಮ್ಮನ ಕಟ್ಟಪ್ಪಣೆ.

ಓದೋಕೆ ಸುಲಭ ಕಣೇ, ಮಾಡೋಕಲ್ಲ. ಮೂವತ್ತು ವರ್ಷ ಬೇಕರಿಯಲ್ಲಿ ಹಿಟ್ಟು ಕಲಸಿದ ಕೈ ಇದು, ಉಪ್ಪಿಲ್ಲದೆ ಕಲಸು ಅಂದ್ರೆ ಕೇಳಬೇಕಲ್ಲ! ಮೊದಲ ಸಲ ಮಾಡಿದ್ದು ಕಲ್ಲಾಯ್ತು. ದೊರೆ ಒಂದನ್ನ ಬಾಯಲ್ಲಿ ಕಚ್ಚಿಕೊಂಡು, ನನ್ನ ಮುಖ ನೋಡಿ, ಮರ್ಯಾದೆಯಾಗಿ ಹಿತ್ತಲಿಗೆ ಹೋಗಿ ಹೂತು ಬಂದ. ನಿನ್ನ ಗಂಡ ಬಿದ್ದು ಬಿದ್ದು ನಕ್ಕ. ನೀನು ಹೋದಮೇಲೆ ಅವನು ನಕ್ಕಿದ್ದು ಅವತ್ತೊಂದೇ ದಿನ, ಅದಕ್ಕೇ ನಾನು ಸುಮ್ಮನಿದ್ದೆ. ಎರಡನೇ ಸಲ ಅಭ್ಯಾಸಬಲದಿಂದ ಚಿಟಿಕೆ ಉಪ್ಪು, ಒಂದು ಚಮಚ ಸಕ್ಕರೆ ಬಿದ್ದೇಬಿಡ್ತು. "ಅಮ್ಮಾ, ರುಚಿ ಬೇಕಾಗಿರೋದು ನಿಮಗೋ ನಾಯಿಗೋ?" ಅಂತ ಡಾಕ್ಟರಮ್ಮ ಮುಖಕ್ಕೆ ಹೊಡೆದ ಹಾಗೆ ಕೇಳಿದಳು. ಐದನೇ ಸಲಕ್ಕೆ ಕೈ ಪಳಗಿತು.

ಓವನ್ನಿನ ಕಾವು ಹತೋಟಿಗೇ ಬರ್ತಿರಲಿಲ್ಲ, ನಿನಗೆ ಗೊತ್ತಲ್ಲ ಅದರ ಬುದ್ಧಿ. ನಿನ್ನ ಗಂಡ ಗ್ಯಾರೇಜಿನಿಂದ ಬಂದವನೇ ಕೈ ತೊಳೆದು, ಊಟದ ಮೇಜಿನ ಮೇಲೆ ಅದನ್ನ ಪೂರ್ತಿ ಬಿಚ್ಚಿ ಹರಡಿಕೊಂಡು ಸರಿಮಾಡಿಕೊಟ್ಟ. ಆಮೇಲೆ ಒಂದು ಬಿಸ್ಕತ್ತು ಎತ್ತಿ ಮೂಸಿ ನೋಡಿ, "ಅಮ್ಮಾ, ಇದರಲ್ಲಿ ಬೆಣ್ಣೆ ಇಲ್ಲ ತಾನೆ?" ಅಂತ ಕೇಳಿದ. ಇಲ್ಲ ಕಣೋ ಅಂದೆ. ಸರಿ ಅಂದು ಊಟಕ್ಕೆ ಕೂತ.

ಅಂದಹಾಗೆ ನೋಡಿದೆಯಾ, ದೊರೆಯನ್ನ ಈಗ "ಅವನು" ಅಂತಿದ್ದೀನಿ. ನೀನು ಸೊಸೆಯಾಗಿ ಬಂದಾಗ ಒಂದು ಸೂಟ್‌ಕೇಸು, ಒಂದು ನಾಯಿ ಹಿಡಿದು ಬಂದೆಯಲ್ಲ, ಆಗ "ಅದನ್ನ ಹೊರಗೆ ಕಟ್ಟು" ಅಂದವಳು ನಾನೇ. ಈಗ ಸಂಜೆ ಆರಕ್ಕೆ, ನೀನು ಮೊದಲು ಬರ್ತಿದ್ದ ಆಸ್ಪತ್ರೆ ವ್ಯಾನು ತಿರುವಿನಲ್ಲಿ ಹಾರ್ನ್ ಹಾಕಿದ ಕೂಡಲೇ ದೊರೆ ಗೇಟಿಗೆ ಓಡ್ತಾನೆ. ವ್ಯಾನು ನಿಲ್ಲದೆ ಹೋಗುತ್ತೆ. ಅವನನ್ನ ಕರೆಯೋ ನೆಪದಲ್ಲಿ ನಾನೂ ಗೇಟಿನ ತನಕ ಹೋಗಿ ಬರ್ತೀನಿ. ನಿನ್ನ ಗಂಡ ಮನೆಯಲ್ಲಿದ್ದರೆ ಕಿಟಕಿಯಿಂದ ನೋಡ್ತಾನೆ. ಮೂವರಲ್ಲಿ ನಾಚಿಕೆ ಇಲ್ಲದೆ ಕಾಯೋನು ದೊರೆ ಒಬ್ಬನೇ.

ಏಳು ತಿಂಗಳಾಯ್ತು. ದೊರೆ ವಾಂತಿ ಮಾಡಿ ಮಾಡಿ ನೆಲ ಹಿಡಿದಿದ್ದು, "ಯಾರೋ ದಿನಾ ಜಿಡ್ಡಿನ ತಿಂಡಿ ಹಾಕ್ತಿದ್ದಾರೆ, ಇನ್ನು ಇದರ ಹೊಟ್ಟೆ ಜನ್ಮಪೂರ್ತಿ ಸೂಕ್ಷ್ಮ" ಅಂತ ಡಾಕ್ಟರಮ್ಮ ಹೇಳಿದ್ದು, ನೀನು ಗಂಡನ ಕಡೆ ತಿರುಗಿದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಹಿಂದೊಮ್ಮೆ ಕೋಳಿಯ ಚರ್ಮ ಹಾಕಿ ನಿನ್ನ ಕೈಗೆ ಸಿಕ್ಕಿಬಿದ್ದವನು ತಾನೆ, ಅನುಮಾನ ಅವನ ಮೇಲೇ ಹೋಯ್ತು. ಅವನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ತಲೆ ತಗ್ಗಿಸಿ ನಿಂತ. "ತಪ್ಪು ಮಾಡಿದ್ದಕ್ಕಲ್ಲ, ಬಾಯಿಬಿಟ್ಟು ಹೇಳಲಿಲ್ಲವಲ್ಲ, ಅದಕ್ಕೇ ಹೋಗ್ತಿದ್ದೀನಿ" ಅಂದೆ ನೀನು. ದೂರದ ಆಸ್ಪತ್ರೆ ಹಿಡಿದೆ. ಹಾಸ್ಟೆಲಿನಲ್ಲಿ ನಾಯಿ ಬಿಡಲ್ಲ ಅಂತ ದೊರೆಯ ಹಗ್ಗ ನನ್ನ ಕೈಗೆ ಕೊಟ್ಟು, "ಅತ್ತೆ, ಈ ಮನೆಯಲ್ಲಿ ನಿಮ್ಮೊಬ್ಬರನ್ನೇ ನಂಬಿ ಬಿಟ್ಟುಹೋಗ್ತಿದ್ದೀನಿ" ಅಂದೆ. ಆ ಮಾತು ಇನ್ನೂ ಕಿವಿಯಲ್ಲಿದೆ.

ನೀನಿಲ್ಲದೆ ಮನೆ ಬಿಕೋ ಅಂತಿದೆ ಮಗಳೇ. ನಿನ್ನ ಜೊತೆ ಜಗಳ ಆಡದೆ ನನ್ನ ನಾಲಿಗೆ ತುಕ್ಕು ಹಿಡಿದಿದೆ. ಭಾನುವಾರ ಹತ್ತಕ್ಕೆ ಫೋನ್ ಮಾಡ್ತೀಯ, "ತಿಂದನಾ, ವಾಂತಿ ಆಯ್ತಾ, ಹೊಟ್ಟೆ ಸರಿ ಇದೆಯಾ" ಅಂತ ಕೇಳಿ ಎರಡೇ ನಿಮಿಷಕ್ಕೆ ಇಟ್ಟುಬಿಡ್ತೀಯ. ಆ ಎರಡು ನಿಮಿಷಕ್ಕೆ ನಾನು ಶನಿವಾರದಿಂದಲೇ ಫೋನನ್ನ ಚಾರ್ಜಿಗೆ ಹಾಕಿ ಕಾಯ್ತೀನಿ. ಮಾತು ಇನ್ನೊಂದು ನಿಮಿಷ ಎಳೆಯಲಿ ಅಂತ ದೊರೆಗೆ ಇಲ್ಲದ ಹೊಟ್ಟೆನೋವನ್ನ ಇದೆ ಅಂದಿದ್ದೂ ಉಂಟು. ನಿನ್ನ ಗಂಡನ ಸುದ್ದಿ ನೀನು ಕೇಳಲ್ಲ, ನಾನು ಹೇಳಲ್ಲ. ಅವನು ಪಕ್ಕದ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂತಿರ್ತಾನೆ ಅನ್ನೋದನ್ನ ಮಾತ್ರ ಈಗ ಹೇಳಿಬಿಡ್ತೀನಿ.

ಒಂದು ಡಬ್ಬ ಬಿಸ್ಕತ್ತು ಈ ಪತ್ರದ ಜೊತೆ ಇಟ್ಟಿದ್ದೀನಿ, ಆ ನರ್ಸಮ್ಮನ ನಾಯಿಗೆ. ನೀನೂ ಒಂದು ಕಚ್ಚಿ ನೋಡಿ, ಥೂ ಸಪ್ಪೆ ಅಂತ ಬೈ. ನೀನು ಬೈದು ಎಷ್ಟು ದಿನವಾಯ್ತು! ಹೊತ್ತಿಗೆ ಸರಿಯಾಗಿ ಊಟ ಮಾಡು, ನಿಂತುಕೊಂಡೇ ತಿನ್ನಬೇಡ. ನಿನ್ನ ಕೈ ಮುಟ್ಟಿದ ರೋಗಿಗಳೆಲ್ಲ ಎದ್ದು ಓಡಾಡಲಿ. ನೂರು ಕಾಲ ಚೆನ್ನಾಗಿರು.

ನಿನ್ನ ದಾರಿ ನೋಡುವ,
ಬಾಯಿಬಡುಕಿ ಅತ್ತೆ

ಕೆಳಗೆ ಬರೀತಿರೋದು ಮರೆತು ಬಿಟ್ಟಿದ್ದಲ್ಲ, ಧೈರ್ಯ ಸಾಲದೆ ಉಳಿದಿದ್ದು. ನನ್ನ ಪೆನ್ನು ನಿಲ್ತಿದ್ದಿದ್ದು "ಬೆಣ್ಣೆ ಹಾಕಬಾರದು" ಅನ್ನೋ ಕಡೆ. ಮೇಲೆ ಓದಿ ನೋಡು, ಉಪ್ಪು ಸಕ್ಕರೆ ಬರೆದು ಈ ಸಲವೂ ಅದನ್ನ ಹಾರಿಸಿಬಿಟ್ಟಿದ್ದೀನಿ. ದೊರೆಗೆ ದಿನಾ ಮಧ್ಯಾಹ್ನ ಬೆಣ್ಣೆ ಬಿಸ್ಕತ್ತು ಹಾಕ್ತಿದ್ದವಳು ನಾನು. ನಿನ್ನ ಕಾಲ ಬಳಿ ಕೂರ್ತಿದ್ದ, ನಿನ್ನ ಗಂಡನ ಕಾಲ ಬಳಿ ಕೂರ್ತಿದ್ದ, ನನ್ನ ಹತ್ತಿರ ಮಾತ್ರ ಸುಳೀತಿರಲಿಲ್ಲ. ನನ್ನ ಹತ್ತಿರವೂ ಬರಲಿ ಅಂತ ಆಸೆಯಾಯ್ತು. ಅಷ್ಟೇ ಕಣೇ. ಡಾಕ್ಟರಮ್ಮನ ಮುಂದೆ ನನ್ನ ಬಾಯಿಗೆ ಬೀಗ ಬಿತ್ತು. ನಾಳೆ ಹೇಳಿದರಾಯ್ತು ಅಂದುಕೊಂಡೆ, ಮಾರನೇ ದಿನವೇ ನೀನು ಹೊರಟೆ.

ಡಾಕ್ಟರಮ್ಮ ಜಿಡ್ಡು ಅಂದಿದ್ದಳೇ ಹೊರತು ಬೆಣ್ಣೆ ಅಂದಿರಲಿಲ್ಲ. ನಿನ್ನ ಗಂಡ ಬೆಣ್ಣೆ ಇಲ್ಲ ತಾನೆ ಅಂತ ಕೇಳಿದಾಗಲೇ ನನಗೆ ತಿಳೀತು, ಅವನು ಎಲ್ಲ ನೋಡಿದ್ದ. ತಾಯಿಯ ಮಾನ ಉಳಿಸೋಕೆ ಹೆಂಡತಿಯನ್ನ ಕಳಕೊಂಡ. ನಾನು ಏಳು ತಿಂಗಳು ಅದನ್ನ ನೋಡ್ತಾ ಕೂತೆ.

ದೊರೆ ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊಂಡು ಈಗ ನನ್ನ ಕಾಲ ಬಳಿಯೇ ಮಲಗಿದ್ದಾನೆ. ನೀನೂ ಹೊಟ್ಟೆಗೆ ಹಾಕ್ಕೋ ಅನ್ನೋಕೆ ನನಗೆ ಮುಖವಿಲ್ಲ. ಸಿಟ್ಟು ನನ್ನ ಮೇಲಿರಲಿ, ನಿನ್ನ ಗಂಡನ ಮೇಲೆ ಬೇಡ. ಬರೋ ಭಾನುವಾರ ಹತ್ತಕ್ಕೆ ಫೋನ್ ಮಾಡು. ನಾನು ಎತ್ತಲ್ಲ. ಫೋನನ್ನ ನಿನ್ನ ಗಂಡನ ಕೈಗೆ ಕೊಟ್ಟು, ನಾನೂ ದೊರೆಯೂ ಗೇಟಿನ ಹತ್ತಿರ ಇರ್ತೀವಿ.