ಕಂಪ್ಯೂಟರಿಗೆ ಕ್ಷೌರ

ಅಂಗಡಿ ಮೇಲಿನ ಮನೆ,
ತಾರೀಖು ಹದಿನೇಳು, ವಾರದ ರಜೆ, ಸಂಜೆ

ಪ್ರೀತಿಯ ಇವಳೇ,

ಹೇಗಿದ್ದೀಯ? ಬೆನ್ನುನೋವು ಕಡಿಮೆ ಆಯ್ತಾ? ಹೊತ್ತುಹೊತ್ತಿಗೆ ಊಟ ಮಾಡ್ತಿದ್ದೀಯಾ, ಇಲ್ಲಾ ವಾರ್ಡಿನ ಕೂಸುಗಳಿಗೆಲ್ಲ ಹಾಲು ಕುಡಿಸಿ ನೀನು ಮಾತ್ರ ಬಿಸ್ಕತ್ತಿನಲ್ಲೇ ದಿನ ತಳ್ತಿದ್ದೀಯಾ? ನಾನು ಚೆನ್ನಾಗಿದ್ದೀನಿ. ಅಮ್ಮನೂ ಗಟ್ಟಿಮುಟ್ಟು. ಮಂಡಿ ಮಾತ್ರ ಹೇಳಿದ ಮಾತು ಕೇಳ್ತಿಲ್ಲ, ಬಾಯಿ ಯಾವತ್ತಿನ ಹಾಗೇ ಇದೆ. ನೀನು ನರ್ಸ್ ಕೆಲಸಕ್ಕೆ ಅಂತ ಅಷ್ಟು ದೂರ ಹೋಗಿ ವರ್ಷ ಆಗ್ತಾ ಬಂತು, ಈಗಲೂ ಅವಳು ಮೂರು ತಟ್ಟೆ ಹಾಕಿ ಒಂದನ್ನು ವಾಪಸ್ ಎತ್ತಿಡ್ತಾಳೆ.

ಮೊದಲು ಒಂದು ಮಾತು. ಗುರುವಾರ ಕಂಪ್ಯೂಟರ್ ಆರಿಸಿದ್ದು ನಾನಲ್ಲ ಕಣೇ. ನೀನು ಪರದೆಯಲ್ಲಿ ಮುಂದಕ್ಕೆ ಬಾಗಿ, "ಆಸ್ಪತ್ರೆಯವರು ಇನ್ನೆರಡು ವರ್ಷ ಇರು ಅಂತಿದ್ದಾರೆ. ಇರಲಾ, ಬಂದುಬಿಡಲಾ?" ಅಂದೆ. ನಾನು ಬಾಯಿ ತೆಗೆಯೋಷ್ಟರಲ್ಲಿ ಅದು ತಾನಾಗೇ ಆರಿಹೋಯ್ತು. ಸಿಟ್ಟು ಬಂದು ಮಾತು ಕಡಿದೆ ಅಂತ ನೀನು ತಿಳಿದಿರ್ತೀಯ. ಆಮೇಲೆ ಫೋನಲ್ಲಿ ನೀನು ಮತ್ತೆ ಕೇಳಲಿಲ್ಲ, ನಾನೂ ಎತ್ತಲಿಲ್ಲ. "ಊಟ ಆಯ್ತಾ", "ಹೂಂ", ಅಷ್ಟೇ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಗಿರಾಕಿಗಳ ಹತ್ತಿರ ನನ್ನ ನಾಲಿಗೆ ಕತ್ತರಿಗಿಂತ ಜೋರು, ನಿನ್ನ ಹತ್ತಿರ ಬಂದರೆ ಕಟ್ಟಿಹೋಗುತ್ತೆ. ಅದಕ್ಕೇ ಈ ಕಾಗದ. ನಿಜ ಹೇಳ್ತೀನಿ, ಪರದೆ ಆರಿದಾಗ ಒಂದು ಗಳಿಗೆ ಮನಸ್ಸು ಹಗುರ ಆಯ್ತು, ಸದ್ಯ ಉತ್ತರ ಹೇಳೋದು ತಪ್ಪಿತು ಅಂತ. ಆಮೇಲೆ ಆ ಕಪ್ಪು ಗಾಜಲ್ಲಿ ನನ್ನ ಮುಖ ನಾನೇ ನೋಡ್ತಾ ಬಹಳ ಹೊತ್ತು ಕೂತಿದ್ದೆ.

ಶನಿವಾರ ಕಂಪ್ಯೂಟರ್ ರಿಪೇರಿಯವನು ಗಡ್ಡ ತೆಗೆಸೋಕೆ ಬಂದ. ಕೆನ್ನೆಗೆ ನೊರೆ ಹಚ್ಚಿ, ಕತ್ತಿ ಹಿಡಿದುಕೊಂಡೇ ಕೇಳಿದೆ. ಪಾಪ, ತುಟಿ ಅಲ್ಲಾಡಿಸದೆ ಹೇಳಿದ. ಒಳಗೆ ಧೂಳು ಕಟ್ಟಿಕೊಂಡರೆ ಬಿಸಿ ಹೊರಗೆ ಹೋಗಲ್ವಂತೆ, ಬಿಸಿ ಏರಿದರೆ ಸುಟ್ಟುಹೋಗೋ ಮುಂಚೆ ಅದೇ ಕಣ್ಣು ಮುಚ್ಚಿಕೊಳ್ಳುತ್ತಂತೆ. ಅಷ್ಟೇನಾ ಅಂದೆ. ಅಷ್ಟೇ, ಮನೇಲೇ ಮಾಡಬಹುದು, ನಿನ್ನ ಹತ್ತಿರ ಕುಂಚ ಇದೆಯಲ್ಲ ಅಂದ.

ಇವತ್ತು ಊಟ ಆದಮೇಲೆ ಕೂತೆ. ಕೈಗೆ ರೂಢಿ ನೋಡು, ಪರದೆ ಎದುರು ಕೂತದ್ದೇ ನೀರಿನ ಬುಡ್ಡಿ ಎತ್ತಿ ಚಿಮುಕಿಸೋಕೆ ಹೊರಟಿದ್ದೆ. "ಅದಕ್ಕೂ ಕಟಿಂಗ್ ಮಾಡ್ತೀಯೇನೋ?" ಅಂದಳು ಅಮ್ಮ, ಪರದೆ ಬಚಾವಾಯ್ತು. ನೀರು ಹಾಕಿದ್ದು ಒರೆಸೋ ಬಟ್ಟೆಗೆ, ಅದೂ ಒಂದೆರಡು ಹನಿ. ವೈರು ಕಿತ್ತು, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದೆ. ಕೀಬೋರ್ಡನ್ನು ಮಗುಚಿ ಬೆನ್ನು ತಟ್ಟಿದೆ. ಬಿಸ್ಕತ್ತಿನ ಪುಡಿ ಸುರೀತು ನೋಡು, ಒಂದು ಇರುವೆ ಸಂಸಾರ ವರ್ಷವಿಡೀ ಕೂತು ತಿನ್ನೋಷ್ಟು! ಪರೀಕ್ಷೆಗೆ ಓದ್ತೀನಿ ಅಂತ ನೀನು ಮಾಡ್ತಿದ್ದ ಕೆಲಸ ಇದೇ ಅಂತ ಅಮ್ಮ ನಕ್ಕಳು.

ಪೆಟ್ಟಿಗೆಯ ಒಳಗೆ ಇದ್ದದ್ದು ಧೂಳಲ್ಲ, ಕೂದಲು. ಕೆಳಗೆ ಅಂಗಡೀಲಿ ನಾನು ಕತ್ತರಿಸಿದ್ದೆಲ್ಲ ಮೆಟ್ಟಿಲು ಹತ್ತಿ ಬಂದು, ಫ್ಯಾನಿನ ಹಿಂದೆ ಕಂಬಳಿ ಥರ ಹೆಣೆದುಕೊಂಡಿತ್ತು. ಕತ್ತು ಒರೆಸೋ ಮೆತ್ತನೆ ಕುಂಚದಿಂದ ಬಿಡಿಸಿದೆ. ಫ್ಯಾನಿನ ರೆಕ್ಕೆ ತಿರುಗದ ಹಾಗೆ ಬೆರಳಲ್ಲಿ ಹಿಡಿದು, ಕೂದಲು ಒಣಗಿಸೋ ಯಂತ್ರವನ್ನು ತಣ್ಣನೆ ಗಾಳಿಗೆ ಇಟ್ಟು ಊದಿದೆ. ಕಿಟಕಿಯಿಂದ ಇಳಿಬಿಸಿಲು ಬೀಳ್ತಿತ್ತು. ಅದರಲ್ಲಿ ಎಲ್ಲಾ ಮೇಲೆದ್ದು ತೇಲಾಡಿತು. ಬಣ್ಣ ನೋಡಿದರೆ ನನಗೆ ತಲೆ ಗೊತ್ತಾಗುತ್ತೆ ಕಣೇ. ಮೇಷ್ಟ್ರ ಬಿಳಿ, ಬೇಕರಿಯವನ ಬಣ್ಣ ಹಾಕಿದ ಕೆಂಚು, ಅಂಚೆಯವನ ಗುಂಗುರು. ಹೋದ ಚಳಿಗಾಲದಲ್ಲಿ ತೀರಿಕೊಂಡ ಗಡಿಯಾರದಂಗಡಿ ತಾತನದೂ ಇತ್ತು, ಬೆಳ್ಳಿ ಹಾಗೆ. ಇಡೀ ಬೀದಿ ನಮ್ಮ ಕೋಣೇಲಿ ನಿಧಾನವಾಗಿ ಸುತ್ತುತಾ ಇತ್ತು, ಯಾರಿಗೂ ಕೆಳಗಿಳಿಯೋ ಆತುರ ಇರಲಿಲ್ಲ. ಅಮ್ಮ ಮೂಗಿಗೆ ಸೆರಗು ಹಿಡಿದು ಕೂತಲ್ಲೇ ತೂಕಡಿಸಿದಳು. ನಾನು ನಿದ್ದೆ ಮಾಡಿದೆನೋ ಎಚ್ಚರ ಇದ್ದೆನೋ, ನನಗೇ ಗೊತ್ತಿಲ್ಲ.

ಕೊನೆಗೆ ಫ್ಯಾನಿನ ನಡುವೆ ಸುತ್ತಿಕೊಂಡಿದ್ದ ಒಂದು ಉದ್ದನೆ ಎಳೆ ಸಿಕ್ಕಿತು. ನಿನ್ನದು. ಬಿಡಿಸ್ತಾ ಹೋದೆ, ಬರ್ತಾನೇ ಇತ್ತು. ದಿನಕ್ಕೊಂದು ಗುಡ್ಡೆ ಕೂದಲು ಗುಡಿಸಿ ಹಾಕೋನು ನಾನು, ಅದೊಂದನ್ನು ಎಸೆಯೋಕೆ ಕೈ ಬರಲಿಲ್ಲ. ನೀನಿಲ್ಲದೆ ಈ ಮನೆ ನನಗೆ ಆಗ್ತಿಲ್ಲ. ಫೋನಲ್ಲಿ ಇದನ್ನ ಯಾವತ್ತೂ ಹೇಳಿಲ್ಲ, ಈಗ ಬರೆದಾಯ್ತು.

ಬೇಡದ್ದನ್ನೆಲ್ಲ ಅಳಿಸಬೇಕು ಅಂತಲೂ ರಿಪೇರಿಯವನು ಹೇಳಿದ್ದ. ಕಸದ ಬುಟ್ಟಿ ಖಾಲಿ ಮಾಡಿದೆ, ನಿನ್ನ ಪಾಠಗಳನ್ನ ಮುಟ್ಟಿಲ್ಲ. ಪೆಟ್ಟಿಗೆಯನ್ನು ನೆಲದಿಂದ ಎತ್ತಿ, ಗೋಡೆಗೆ ಒಂದು ಗೇಣು ಜಾಗ ಬಿಟ್ಟು ಮೇಜಿನ ಮೇಲಿಟ್ಟೆ. ಹಚ್ಚಿದರೆ ಸದ್ದೇ ಇಲ್ಲ. ಮೊದಲು ಉಬ್ಬಸದವರ ಹಾಗೆ ಗೊರ ಗೊರ ಅಂತಿತ್ತಲ್ಲ, ಆ ಗದ್ದಲದಲ್ಲಿ ನೀನು ಆ ಕಡೆಯಿಂದ ಹೇಳಿದ್ದರಲ್ಲಿ ಅರ್ಧ ನನಗೆ ಕೇಳಿಸಿಯೇ ಇರಲಿಲ್ಲ. ಇನ್ನುಮೇಲೆ ಪೂರ್ತಿ ಕೇಳ್ತೀನಿ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಜೊತೆಗೆ ತಲೆಗೆ ಎಣ್ಣೆ ಹಚ್ಚಿಕೋ ಅಂತ ಗದರಿದ್ದಾಳೆ. ನಿನ್ನ ಕೈಗೆ ಬರೋ ಕೂಸುಗಳೆಲ್ಲ ಚೆನ್ನಾಗಿ ಉಸಿರಾಡಲಿ.

ನಿನ್ನ,
ಇವರು

ಮರೆತ ಮಾತು: ಮರೆತಿರಲಿಲ್ಲ, ಹೆದರಿ ಕೊನೆಗಿಟ್ಟೆ. ಎರಡು ವರ್ಷಕ್ಕೆ ಹೂಂ ಅಂದುಬಿಡು. ನೀನು ವಾಪಸ್ ಬರೋದು ಬೇಡ, ನಾವೇ ಬರ್ತೀವಿ. ಆಸ್ಪತ್ರೆ ಹತ್ತಿರ ಮೂರು ಜನಕ್ಕೆ ಆಗೋ ಮನೆ ನೋಡು. ಅಪ್ಪ ಹಾಕಿದ ಅಂಗಡಿ ಬಿಟ್ಟು ಬರಲ್ಲ ಅಂತ ಹೋದ ವರ್ಷ ಹಟ ಹಿಡಿದಿದ್ದೆ. ಅಲ್ಲಿ ಯಾರದಾದರೂ ಅಂಗಡೀಲಿ ಕೂಲಿಗೆ ಒಂದು ಕುರ್ಚಿ ಇದ್ದರೂ ಸಾಕು, ವಿಚಾರಿಸು. ಅಮ್ಮನಿಗೆ ಈಗಷ್ಟೇ ಹೇಳಿದೆ. ಅಲ್ಲಿ ಚಳಿ ಹೇಗೆ, ಎಷ್ಟು ಕಂಬಳಿ ತರಬೇಕು ಕೇಳು ಅಂದಳು. ಬೇಗ ತಿಳಿಸು.