ತಬಿತಾ ಹಡಗಿಗೆ ಲೋಯಿಸಳ ಮೂಗು

ಲೋಯಿಸ್,

ಮೀನಿನ ಸಾರು ಒಲೆ ಮೇಲಿದೆ, ತಳ ಹಿಡಿಯದ ಹಾಗೆ ನೋಡ್ಕೋ. ನಿನ್ನ ಭಾವ ಮಧ್ಯಾಹ್ನ ಊಟಕ್ಕೆ ಬರ್ತಾರೆ. ಬಡಿಸು ಸಾಕು, ಎದುರಿಗೆ ಕೂತು ಚೀನಾದ ಕ್ಯಾಂಟನ್ ಬಂದರಿನ ಕತೆ ಕೇಳಬೇಕಾಗಿಲ್ಲ.

ನಾನು ಬಂದರಿನ ಬಡಗಿ ಹತ್ತಿರ ಹೋಗಿದ್ದೀನಿ. ನಿನ್ನ ಭಾವ ಕಟ್ಟಿಸಿದ ಹೊಸ ಹಡಗಿಗೆ ತಬಿತಾ ಅಂತ ನನ್ನ ಹೆಸರು, ಅದರ ಮುಂತುದಿಯಲ್ಲಿ ನಿಲ್ಲಿಸೋ ಮರದ ಗೊಂಬೆಗೆ ನಿನ್ನ ಮುಖ! ನಿನ್ನೆ ನಮ್ಮ ಸೇಲಂ ಬಂದರಿನವರೆಲ್ಲ ನೋಡಿ ನಕ್ಕರು. ಬಡಗಿಯನ್ನು ಕೇಳಿದರೆ, "ಕ್ಯಾಪ್ಟನ್ ಕೊಟ್ಟ ಚಿತ್ರ ನೋಡಿಯೇ ಕೆತ್ತಿದ್ದು, ಅಮ್ಮಾ. ಇದ್ದ ಮರ ಕೆತ್ತಿ ತೆಗೀಬಹುದು, ನಿಮ್ಮಷ್ಟು ದೊಡ್ಡ ಮೂಗು ಎಲ್ಲಿಂದ ತಂದು ಅಂಟಿಸಲಿ?" ಅಂದ.

ಆ ಚಿತ್ರವನ್ನು ಅವರ ಪೆಟ್ಟಿಗೆಗೆ ಹಾಕಿದವಳು ನಾನೇ. ನಾವಿಬ್ಬರೂ ಒಂದೇ ದಿನ ಕಪ್ಪು ಕಾಗದದಲ್ಲಿ ಪಕ್ಕಮುಖ ಕತ್ತರಿಸಿ ಮಾಡಿಸಿಕೊಂಡಿದ್ವಲ್ಲ, ಅವರು ಕ್ಯಾಂಟನ್ನಿಗೆ ಹೊರಡೋ ಅವಸರದಲ್ಲಿ ನನ್ನದು ಬಿಟ್ಟು ನಿನ್ನದು ಇಟ್ಟುಬಿಟ್ಟಿದ್ದೆ. ನನ್ನದು ಇವತ್ತು ಹೊಲಿಗೆ ಬುಟ್ಟಿಯಲ್ಲಿ ಸಿಕ್ಕಿತು.

ನಿನ್ನ ತಪ್ಪೇನೂ ಇಲ್ಲ, ಗೊತ್ತು. ಆದರೂ ಹೊಟ್ಟೆ ಉರಿಯುತ್ತೆ ಕಣೇ. ಎರಡು ವರ್ಷ ಕಡಲ ಮೇಲೆ ದಿನಾ ನೋಡಿದವರಿಗೆ ಅದು ಹೆಂಡತಿ ಮೂಗಲ್ಲ ಅಂತ ಗೊತ್ತಾಗಲಿಲ್ವಾ? ಗೊತ್ತಾಗಿಯೂ ಸುಮ್ಮನಿದ್ರಾ?

ನನ್ನ ಚಿತ್ರ ಅವರ ತಟ್ಟೆ ಪಕ್ಕ ಇಟ್ಟಿದ್ದೀನಿ. "ಇದು ಯಾರು, ಭಾವ?" ಅಂತ ಕೇಳು. ಸುಳಿವು ಕೊಡಬೇಡ.

ಥಟ್ಟನೆ ಹೇಳಿದರೆ ಅವರನ್ನೇ ಬಂದರಿಗೆ ಕಳಿಸು. ಯೋಚಿಸ್ತಾ ಕೂತರೆ ನೀನೇ ಬಾ, ಹಡಗಿನ ಮೇಲೆ ನಿನ್ನ ಹೆಸರೇ ಬರೆಸಿಬಿಡ್ತೀನಿ.

ಅಕ್ಕ