ಕಾಯಿಸಿದ ಗಿಟಾರ್

ನಂಜನಗೂಡು
೯-೨-೨೦೦೩

ಅಪ್ಪನಿಗೆ ರಂಜಿನಿಯ ನಮಸ್ಕಾರ.

ಸಂಕ್ರಾಂತಿಗೆ ಊರಿಗೆ ತಂದಿದ್ದ ನನ್ನ ಗಿಟಾರನ್ನು ನೀನು ಒಲೆ ಮುಂದೆ ಕಾಯಿಸಿದೆ ಎಂದು ಅವ್ವ ಇವತ್ತು ಫೋನಿನಲ್ಲಿ ಬಾಯಿಬಿಟ್ಟಳು. ಅಂದಿನಿಂದ ತಂತಿ ಒತ್ತಲಾಗದೆ, ನನ್ನ ಬೆರಳಿಗೇ ಬಲವಿಲ್ಲವೆಂದುಕೊಂಡು ರಬ್ಬರ್ ಚೆಂಡು ಹಿಸುಕಿ ಹಿಸುಕಿ ಸಾಕಾಗಿಹೋಗಿದೆ. ಬೆರಳು ಚೆನ್ನಾಗಿಯೇ ಇವೆ, ಗಿಟಾರಿನ ಕತ್ತು ಬಾಗಿ ತಂತಿ ಮೇಲೆದ್ದಿದೆ ಎಂದು ಗಿಟಾರ್ ಕಲಿಸುವ ಮೇಷ್ಟ್ರು ನಕ್ಕರು.

ನಿನ್ನ ತಮಟೆಗೆ ಚರ್ಮವಿದೆ, ಕಾಯಿಸಿದರೆ ಬಿಗಿಯುತ್ತದೆ. ಇದು ಮರ ಅಪ್ಪ. "ಚಳೀಗೆ ಸದ್ದು ಸತ್ತೋಗದೆ ಕಣವ್ವ" ಎಂದು ನೀನು ಅಂದಾಗಲೇ ನಾನು ಎತ್ತಿಡಬೇಕಿತ್ತು.

ಬೇರೆ ಗಿಟಾರ್ ಆರಿಸಲು ಬರುವ ಭಾನುವಾರ ಮೈಸೂರಿಗೆ ಹೋಗುತ್ತೇನೆ. ನೀನೂ ತಲಕಾಡಿನಿಂದ ಬೆಳಗಿನ ಬಸ್ಸು ಹತ್ತು. ನಿನ್ನ ಕಿವಿಯ ಮೇಲಿರುವ ನಂಬಿಕೆ ನನಗೆ ಅಂಗಡಿಯವನ ಮಾತಿನ ಮೇಲಿಲ್ಲ.

ಬೆಂಕಿಪೊಟ್ಟಣ ಮಾತ್ರ ಅವ್ವನ ಕೈಗೆ ಕೊಟ್ಟು ಬಾ.

ನಿನ್ನ ಮಗಳು
ರಂಜಿನಿ